ವೇತನನಾಶ: ಕ್ಯಾಲಿಫೋರ್ನಿಯಾ ಸಂಸ್ಥಾನದ ಗುತ್ತಿಗೆದಾರರ ಅನುಜ್ಞಾಶಾಸನ

ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಶೋಧಿಸಿ ೧೯೦೯ರಲ್ಲಿ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣಕ್ಕೆ ಕಂಟಕಶೋಧನವೆಂದು ಹೆಸರು. ಅದರ ಮೊದಲನೆಯ ಅಧ್ಯಾಯವು ಕಾರುಕರಕ್ಷಣ. ಈ ಸಮಾಸವನ್ನು ಕಾರುಕರ ರಕ್ಷಣೆಯೆಂದು ಬಿಡಿಸಬಹುದು. ಕಾರುಕರಿಂದ ಪ್ರಜೆಗಳ ರಕ್ಷಣೆಯೆಂದೂ ಬಿಡಿಸಬಹುದು. ಅಧ್ಯಾಯದ ವಿಷಯವನ್ನು ನೋಡಿದರೆ ಪಂಚಮೀವಿಗ್ರಹವೇ ಯುಕ್ತವೆಂದು ತೋರುತ್ತದೆ. ಹಾನಿಯನ್ನು ತುಂಬಿಕೊಡಲು ಸಮರ್ಥನಾಗಿ, ಸ್ವಂತ ಧನವುಳ್ಳವನಾಗಿ, ಶ್ರೇಣಿಯ ನಂಬಿಕೆಗೆ ಪಾತ್ರನಾದವನೇ ಪರರ ದ್ರವ್ಯವನ್ನು ಕೆಲಸಕ್ಕಾಗಿ ತೆಗೆದುಕೊಳ್ಳತಕ್ಕದ್ದು. ಅವನಿಗೆ ವಿಪತ್ತು ಬಂದರೆ ಆ ಭಾರವು ಶ್ರೇಣಿಯದು. ಕಾಲವನ್ನು ಮೀರಿದರೆ ಕೂಲಿಯಲ್ಲಿ ಕಾಲುಭಾಗ ಕಡಿಮೆ. ಹೇಳಿದುದನ್ನು ಬಿಟ್ಟು ಬೇರೆ ರೀತಿಯಲ್ಲಿ ಮಾಡಿದರೆ ಪೂರ್ಣ ವೇತನನಾಶ, ಮೇಲೆ ಅದರ ಇಮ್ಮಡಿ ದಂಡ.

ಈ ವೇತನನಾಶವೆಂಬ ಶಿಕ್ಷೆಯು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಒಂದಾದ ಕ್ಯಾಲಿಫೋರ್ನಿಯಾದಲ್ಲಿ, ಇಪ್ಪತ್ತನೆಯ ಶತಮಾನದಲ್ಲಿ, ಮತ್ತೊಂದು ರೂಪದಿಂದ ಪ್ರಬಲವಾಯಿತು. ಅಲ್ಲಿನ ಶಾಸನಕರ್ತರು ಕೌಟಿಲ್ಯನನ್ನು ಓದಿದ್ದರೆಂದು ಯಾರೂ ಹೇಳಲಾರರು. ಆದರೆ ಕಟ್ಟಿಸುವವನಿಗೆ ಕಟ್ಟುವವನ ಯೋಗ್ಯತೆಯು ಮೊದಲೇ ತಿಳಿಯುವುದು ಹೇಗೆಂಬ ಪ್ರಶ್ನೆಯು ಎರಡು ಕಡೆಯಲ್ಲಿಯೂ ಒಂದೇ ಆಗಿರುವುದರಿಂದ, ಉತ್ತರಗಳನ್ನು ಒಟ್ಟಿಗಿಟ್ಟು ನೋಡುವುದು ನಿಷ್ಫಲವಲ್ಲ.

೧೯೨೮ನೆಯ ಮಾರ್ಚಿ ೧೨ನೆಯ ತಾರೀಖಿನ ನಡುರಾತ್ರಿಗೆ ಸ್ವಲ್ಪ ಮುಂಚೆ ಲಾಸ್ ಏಂಜಲಿಸ್ ನಗರದ ನೀರಿಗಾಗಿ ಕಟ್ಟಿದ್ದ ಸೇಂಟ್ ಫ್ರಾನ್ಸಿಸ್ ಅಣೆಕಟ್ಟು ಒಡೆದು ನಾನೂರಕ್ಕೂ ಹೆಚ್ಚು ಜನರು ಮೃತರಾದರು. ಮರುವರ್ಷವೇ ಸಿವಿಲ್ ಎಂಜಿನಿಯರುಗಳ ನೋಂದಣಿಯ ಶಾಸನ ಹುಟ್ಟಿತು. ಅದೇ ೧೯೨೯ರಲ್ಲಿ ಗುತ್ತಿಗೆದಾರರ ಲೈಸೆನ್ಸು ಕಚೇರಿಯೂ ಸ್ಥಾಪಿತವಾಯಿತು. ಎರಡನೆಯದಕ್ಕೆ ಅಣೆಕಟ್ಟಿನ ದುರಂತವೇ ಕಾರಣವೆಂದು ಹೇಳಲು ಆಧಾರ ಸಾಲದು. ಕಾಲದ ಸಾಮೀಪ್ಯವು ಮಾತ್ರ ಗಮನಾರ್ಹ. ೧೯೩೫ರಲ್ಲಿ ಕಚೇರಿಯ ಅಧಿಕಾರವು ಏಳು ಮಂದಿ ಸದಸ್ಯರ ಮಂಡಲಿಯ ಕೈಗೆ ಬಂದಿತು. ಅನುಜ್ಞೆಯನ್ನು ಬೇಡುವವನು ಪರೀಕ್ಷೆಗೆ ಕುಳಿತುಕೊಳ್ಳಲೇಬೇಕೆಂಬ ವಿಧಿಯಾದರೋ ೧೯೩೮ರದು. ಅಂದರೆ ಮೊದಲ ಒಂಬತ್ತು ವರ್ಷಗಳ ಕಾಲ ಅನುಜ್ಞಾಪತ್ರವು ಯೋಗ್ಯತೆಯ ಪ್ರಮಾಣವೆನ್ನುವುದಕ್ಕಿಂತ ಹೆಸರಿನ ದಾಖಲೆಯೆಂಬುದೇ ಸರಿ. ೧೯೪೭ರ ವೇಳೆಗೆ ಅನುಭವದ ಪ್ರಮಾಣವನ್ನು ಗೊತ್ತುಮಾಡುವ ಮತ್ತು ಗುತ್ತಿಗೆದಾರರನ್ನು ವರ್ಗೀಕರಿಸುವ ನಿಯಮಗಳನ್ನು ರಚಿಸುವ ಅಧಿಕಾರವೂ ಮಂಡಲಿಗೆ ಬಂದಿತ್ತು.

ಈ ವರ್ಗೀಕರಣದಲ್ಲಿ ಮೂರು ಮುಖ್ಯ ಭೇದಗಳಿವೆ. ರಸ್ತೆ, ಸೇತುವೆ, ಅಣೆಕಟ್ಟು ಮೊದಲಾದುವನ್ನು ನಿರ್ಮಿಸುವವನು ‘ಎ’ ವರ್ಗ. ಪರಸ್ಪರ ಸಂಬಂಧವಿಲ್ಲದ ಎರಡಾದರೂ ಕಸುಬುಗಳು ಸೇರುವ ಕಟ್ಟಡವನ್ನು ಕಟ್ಟಿಸುವ ಸಾಮಾನ್ಯ ಗುತ್ತಿಗೆದಾರನು ‘ಬಿ’ ವರ್ಗ. ವಿದ್ಯುತ್ತು, ನಲ್ಲಿ, ಬಣ್ಣ, ಮಾಡು ಎಂಬ ಒಂದೊಂದು ಕಸುಬಿನವನು ‘ಸಿ’ ವರ್ಗ. ಮಯಮತವು ಸ್ಥಪತಿ, ಸೂತ್ರಗ್ರಾಹಿ, ವರ್ಧಕಿ, ತಕ್ಷಕರೆಂದು ಶಿಲ್ಪಿಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸುವುದು ಇಲ್ಲಿ ನೆನಪಿಗೆ ಬಾರದಿರದು. ಆದರೆ ಅಲ್ಲಿ ಸೂತ್ರಗ್ರಾಹಿಯು ಸ್ಥಪತಿಯ ಪುತ್ರನೋ ಶಿಷ್ಯನೋ ಆಗಿ ಅಧಿಕಾರವನ್ನು ಪಡೆಯುವನು. ಕ್ಯಾಲಿಫೋರ್ನಿಯಾದಲ್ಲಿ ಪರಂಪರೆಯ ಸ್ಥಾನದಲ್ಲಿ ಕಳೆದ ಹತ್ತು ವರ್ಷಗಳೊಳಗಿನ ನಾಲ್ಕು ವರ್ಷಗಳ ಪಕ್ವಾನುಭವವೂ, ಕಸುಬಿನಲ್ಲೊಂದು ಶಾಸನ-ವ್ಯವಹಾರಗಳಲ್ಲೊಂದು ಹೀಗೆ ಎರಡು ಪರೀಕ್ಷೆಗಳೂ ನಿಂತಿವೆ. ಶ್ರೇಣಿಯ ಹೊಣೆಯ ಸ್ಥಾನದಲ್ಲಿ ಜಾಮೀನುಪತ್ರವಿದೆ. ಅದರ ಮೊತ್ತವು ೨೦೨೩ರ ಆರಂಭದಿಂದ ೨೫,೦೦೦ ಡಾಲರು. ಒಂದು ಮನೆಯ ತಳಪಾಯವು ಕುಸಿದರೆ ಈ ಮೊತ್ತವು ಯಾವ ಮೂಲೆಗೂ ಸಾಲದೆಂಬುದು ಬೇರೆ ಮಾತು.

ಶಾಸನದ ಬಲವೆಲ್ಲ ಇರುವುದು ಪರೀಕ್ಷೆಯಲ್ಲಲ್ಲ, ಜಾಮೀನಿನಲ್ಲಿಯೂ ಅಲ್ಲ. ೧೯೩೯ರಲ್ಲಿ ವ್ಯವಹಾರ ಮತ್ತು ವೃತ್ತಿಗಳ ಸಂಹಿತೆಯೊಳಗೆ ಸೇರಿದ ೭೦೩೧ನೆಯ ವಿಧಿಯಲ್ಲಿ. ಕೆಲಸವು ನಡೆದ ಕಾಲದಲ್ಲೆಲ್ಲ ಅನುಜ್ಞಾವಂತನಾಗಿದ್ದೆನೆಂದು ತೋರಿಸಲಾರದವನು ತನ್ನ ಕೂಲಿಗಾಗಿ ನ್ಯಾಯಸ್ಥಾನದಲ್ಲಿ ದಾವೆ ಹೂಡುವಂತಿಲ್ಲವೆಂಬುದು ಅದರ ತಾತ್ಪರ್ಯ. ಕೌಟಿಲ್ಯನ ವೇತನನಾಶಕ್ಕೆ ಕೆಲಸದ ದೋಷವು ಹೇತು. ಇಲ್ಲಿ ಕರ್ತೃವಿನ ಅನಧಿಕಾರವು ಹೇತು. ಗೋಡೆಯು ನೆಟ್ಟಗಿದ್ದರೂ, ಕಟ್ಟಿಸಿದವನು ಅದರೊಳಗೆ ಸುಖವಾಗಿ ವಾಸಿಸುತ್ತಿದ್ದರೂ ಕೂಲಿ ಹೋಯಿತು. ಮೀಮಾಂಸಕರ ಮಾತಿನಲ್ಲಿ ಹೇಳುವುದಾದರೆ, ಅನಧಿಕಾರಿಯು ಮಾಡಿದ ಕರ್ಮವು ಸಾಂಗವಾದರೂ ಅವನಿಗೆ ಫಲವಿಲ್ಲ.

ಇದರ ಕಾಠಿನ್ಯವು ನ್ಯಾಯಾಧೀಶರಿಗೆ ತಿಳಿಯದುದಲ್ಲ. ೧೯೫೭ರ ಲೂಯಿಸ್ ಮತ್ತು ಕ್ವೀನ್ ಪ್ರಕರಣದಲ್ಲಿ ಹೆದ್ದಾರಿಯ ಕೆಲಸ ಮಾಡಿದ ಉಪಗುತ್ತಿಗೆದಾರರಿಗೆ ಬಾಕಿ ಹಣವು ದೊರೆಯಲಿಲ್ಲ. ಉಭಯರೊಳಗಿನ ಅನ್ಯಾಯಕ್ಕಿಂತ ಶಾಸನಭಂಗವನ್ನು ತಡೆಯುವುದೇ ಗುರುತರವೆಂದು ನ್ಯಾಯಮೂರ್ತಿ ಟ್ರೇನರರು ನಿರ್ಣಯಿಸಿದರು. ೧೯೬೬ರ ಲ್ಯಾಟಿಪ್ಯಾಕ್ ಪ್ರಕರಣದಲ್ಲಾದರೋ ಅದೇ ಉಚ್ಚ ನ್ಯಾಯಸ್ಥಾನವು ಕರಗಿತು. ಕರಾರಿನ ಕಾಲದಲ್ಲಿ ಅನುಜ್ಞೆಯಿತ್ತು. ಕೆಲಸದ ನಡುವೆ ನವೀಕರಣವು ತಪ್ಪಿತು. ಕೆಲಸವನ್ನು ನಡೆಸಿದ ಯೋಗ್ಯನು ಬದಲಾಗಿರಲಿಲ್ಲ. ಇಷ್ಟಿದ್ದ ಮೇಲೆ ಶಾಸನದ ಸಾರವು ನೆರವೇರಿತೆಂದು ಕೂಲಿಗೆ ದಾರಿ ಮಾಡಿಕೊಟ್ಟರು. ಅಕ್ಷರಕ್ಕಿಂತ ಉದ್ದೇಶವನ್ನು ಹಿಡಿದ ಈ ವ್ಯಾಖ್ಯಾನವು ಎರಡು ದಶಕಗಳಿಗಿಂತ ಹೆಚ್ಚು ಕಾಲ ನಡೆಯಿತು. ೧೯೮೯ರಲ್ಲಿ ಶಾಸನಸಭೆಯು ಸಾರಾನುಸರಣದ ನ್ಯಾಯವು ಈ ವಿಧಿಗೆ ಅನ್ವಯಿಸದೆಂದು ಸ್ಪಷ್ಟವಾಗಿ ಬರೆದು ಬಾಗಿಲನ್ನು ಮುಚ್ಚಿತು. ಆ ಮೇಲೆ ಕಿರಿದಾದ ಒಂದು ಕಿಂಡಿಯನ್ನು ತೆರೆಯಿತು: ಮೊದಲೊಮ್ಮೆ ಅನುಜ್ಞಾವಂತನಾಗಿದ್ದು, ಅದನ್ನು ಉಳಿಸಿಕೊಳ್ಳಲು ಪ್ರಾಮಾಣಿಕವಾಗಿ ಯತ್ನಿಸಿ, ಲೋಪವು ತಿಳಿದೊಡನೆ ಸರಿಪಡಿಸಿಕೊಂಡವನಿಗೆ ಮಾತ್ರ ಅದರಲ್ಲಿ ಪ್ರವೇಶವುಂಟು. ಎಂದೂ ಅನುಜ್ಞೆಯನ್ನು ಪಡೆಯದವನಿಗೆ ಇಲ್ಲ.

ಕಟ್ಟಿಸುವವನೇ ವಂಚಕನಾದರೆ ಗತಿಯೇನು? ೧೯೯೧ರ ಹೈಡ್ರೊಟೆಕ್ ಪ್ರಕರಣವು ಇದನ್ನೇ ಎತ್ತಿತು. ನ್ಯೂಯಾರ್ಕಿನ ಒಂದು ಸಂಸ್ಥೆಯು ಪಾಮ್ ಸ್ಪ್ರಿಂಗ್ಸಿನ ಜಲಕ್ರೀಡೋದ್ಯಾನದಲ್ಲಿ ಅಲೆಯೇಳುವ ಕೊಳವನ್ನು ನಿರ್ಮಿಸಲು, ಅನುಜ್ಞೆಯಿಲ್ಲವೆಂದು ಹಿಂಜರಿಯುತ್ತಿದ್ದರೂ, ಹಣ ಕೊಡುವೆವೆಂಬ ಮಾತನ್ನು ನಂಬಿ ಒಪ್ಪಿತು. ಕೊಡುವ ಮನಸ್ಸು ಮೊದಲಿಂದಲೂ ಇರಲಿಲ್ಲವೆಂಬುದು ಅದರ ಆಪಾದನೆ. ಆ ಮಾತು ಮೋಸದ್ದೇ ಆಗಿದ್ದರೂ ಕೂಲಿಯು ಸಿಕ್ಕದೆಂದು ತೀರ್ಪಾಯಿತು. ಇಲ್ಲಿ ರಕ್ಷಣೆಯನ್ನು ಪಡೆದವನು ಅರಿಯದ ಗೃಹಸ್ಥನಲ್ಲ, ಲೆಕ್ಕಾಚಾರ ಬಲ್ಲ ವ್ಯವಹಾರಿ. ಪಂಚಮೀವಿಗ್ರಹವನ್ನು ಇಷ್ಟು ದೂರ ಎಳೆದರೆ ಷಷ್ಠಿಯು ಲೋಪವಾಗಿ ಕಾರುಕನಿಗೆ ರಕ್ಷಣೆಯೇ ಉಳಿಯದೆನ್ನಬೇಕಾಗಿದೆ. ೨೦೦೧ರ ತಿದ್ದುಪಡಿಯು ಇನ್ನೂ ಮುಂದೆ ಹೋಗಿ, ಅನುಜ್ಞೆಯಿಲ್ಲದವನಿಗೆ ಈಗಾಗಲೇ ಕೊಟ್ಟ ಹಣವನ್ನೆಲ್ಲ ಹಿಂದಕ್ಕೆ ಪಡೆಯುವ ಹಕ್ಕನ್ನು ಕಟ್ಟಿಸಿದವನಿಗೆ ಕೊಟ್ಟಿತು. ಅನುಜ್ಞೆಯಿಲ್ಲವೆಂದು ತಿಳಿದೇ ಕೆಲಸ ಮಾಡಿಸಿದವನಿಗೂ ಈ ಹಕ್ಕುಂಟೆಂದು ೨೦೧೦ರಲ್ಲಿ ಮೇಲ್ಮನವಿಯ ನ್ಯಾಯಸ್ಥಾನವು ಹೇಳಿತು. ಈ ದಾವೆಗೆ ಒಂದು ವರ್ಷದ ಅವಧಿಯೆಂದು ೨೦೨೦ರ ತೀರ್ಪೊಂದು ಎಲ್ಲೆ ಹಾಕಿದುದು ಕಾರುಕನ ಪಾಲಿಗೆ ಬಂದ ಅಲ್ಪ ಸಮಾಧಾನ.

ಸಣ್ಣ ಕೆಲಸಗಳಿಗೆ ಶಾಸನವು ವಿನಾಯಿತಿ ಕೊಟ್ಟಿದೆ. ಬಹುಕಾಲ ೫೦೦ ಡಾಲರಿದ್ದ ಆ ಮಿತಿಯು ೨೦೨೫ನೆಯ ಜನವರಿ ೧ರಿಂದ ೧,೦೦೦ ಡಾಲರಾಯಿತು. ಕೂಲಿ ಸಾಮಗ್ರಿಗಳೆರಡೂ ಅದರೊಳಗೇ ಅಡಗಬೇಕು, ಕೆಲಸಕ್ಕೆ ಕಟ್ಟಡದ ಪರವಾನಗಿ ಬೇಕಾಗಿರಬಾರದು, ಆಳುಗಳನ್ನು ಇಟ್ಟುಕೊಂಡಿರಬಾರದು. ಒಂದು ದೊಡ್ಡ ಕೆಲಸವನ್ನು ತುಂಡುತುಂಡಾಗಿ ಮಾಡಿ ಈ ಮಿತಿಯೊಳಗೆ ತೋರಿಸುವ ಉಪಾಯವನ್ನೂ ಶಾಸನವು ನಿಷೇಧಿಸಿದೆ. ಇಂತಹ ಕೆಲಸಗಾರನು ಪ್ರಕಟನೆಯನ್ನು ಹೊರಡಿಸಿದರೆ, ತನಗೆ ಅನುಜ್ಞೆಯಿಲ್ಲವೆಂದು ಅದರಲ್ಲಿಯೇ ಬರೆಯಬೇಕು.