ಬಿ ಫಾರಂ ಬರುವ ದಾರಿ

ಹುಲಿಕುಂಟೆ ಶಿರಾ ತಾಲ್ಲೂಕಿನ ಒಂದು ಹೋಬಳಿ. ಶಿರಾ, ಪಾವಗಡ, ಮಧುಗಿರಿ, ಕೊರಟಗೆರೆ, ಈ ಕಡೆಗೆ ಮಳೆಯೂ ತಡವಾಗಿ ಬರುತ್ತೆ, ಬಿ ಫಾರಂ ಕೂಡ ತಡವಾಗೇ ಬರುತ್ತೆ. ಮಳೆಗೆ ಯಾರನ್ನ ಬೈಯೋದು? ಬಿ ಫಾರಂ ಹಾಗಲ್ಲ. ಅದನ್ನ ಕೈಯಲ್ಲಿ ಹಿಡ್ಕೊಂಡು ಕೂತಿರೋರು ಇದ್ದಾರೆ.

ನಾಮಪತ್ರದ ಕೊನೇ ದಿನ ಮಧ್ಯಾಹ್ನ ಮೂರು ಗಂಟೆಯೊಳಗೆ ಆ ಒಂದು ಹಾಳೆ ಚುನಾವಣಾಧಿಕಾರಿ ಕೈ ಸೇರಿದರೆ ಸಾಕು, ಕಾನೂನಿಗೆ ಅಷ್ಟೇ ಬೇಕಾಗಿರೋದು. ಆ ಹೆಸರನ್ನ ಯಾರು ಆರಿಸಿದರು, ಯಾವ ಊರಲ್ಲಿ ಕೂತು ಆರಿಸಿದರು ಅಂತ ಯಾರೂ ಕೇಳಲ್ಲ.

ಕಥೆ ಹಳೇದು. 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದಾಗ ಬಂದವರು 144 ಜನ. ತಾಲ್ಲೂಕಿಗೆ ಒಬ್ಬಿಬ್ಬರು ಅನುಕೂಲಸ್ಥ ರೈತರು, ಜಿಲ್ಲೆಗೆ ಮೂರು-ನಾಲ್ಕು ವರ್ತಕರು. ಆರಿಸಿದ್ದು ಜನ ಅಲ್ಲ, ಸ್ಥಳೀಯ ನಿಧಿ ಮಂಡಳಿಗಳು. ಚುನಾವಣೆ ಅಂತ ಬಂದಿದ್ದು ಹತ್ತು ವರ್ಷದ ನಂತರ, ಅದೂ ಆಸ್ತಿವಂತರಿಗೆ ಮಾತ್ರ. ಇವತ್ತು ವೋಟು ಎಲ್ಲರಿಗೂ ಇದೆ. ಆದರೆ ಯಾರ್ಯಾರ ನಡುವೆ ಆರಿಸಬೇಕು ಅನ್ನೋದನ್ನ ಈಗಲೂ ಬೇರೆಯವರೇ ತೀರ್ಮಾನಿಸ್ತಾರೆ.

ಲೋಕಸಭೆ ವಿಷಯಕ್ಕೆ ಬನ್ನಿ. ನಮ್ಮ ನಾಲ್ಕು ತಾಲ್ಲೂಕು ಅಲ್ಲಿ ಎರಡು ಹೋಳು: ಮಧುಗಿರಿ, ಕೊರಟಗೆರೆ ತುಮಕೂರಿಗೆ, ಶಿರಾ, ಪಾವಗಡ ಚಿತ್ರದುರ್ಗಕ್ಕೆ. 2019ರಲ್ಲಿ ತುಮಕೂರಿನ ಹಾಲಿ ಕಾಂಗ್ರೆಸ್ ಸಂಸದ ಮುದ್ದಹನುಮೇಗೌಡರಿಗೆ ಟಿಕೆಟ್ ಇಲ್ಲ. ಮೈತ್ರಿ ಲೆಕ್ಕದಲ್ಲಿ ಸೀಟು ಜೆಡಿಎಸ್‌ಗೆ ಹೋಯ್ತು, ಹಾಸನದಿಂದ ದೇವೇಗೌಡರು ಬಂದರು. ಮಾಜಿ ಪ್ರಧಾನಿ ಸೋತದ್ದು ಹದಿಮೂರು ಸಾವಿರ ಚಿಲ್ಲರೆ ಮತಗಳಿಂದ. ಆ ಕಡೆ ಚಿತ್ರದುರ್ಗದಲ್ಲಿ ಗೆದ್ದವರು ಆನೇಕಲ್‌ನ ಎ. ನಾರಾಯಣಸ್ವಾಮಿ, 2024ರಲ್ಲಿ ಮುಧೋಳದ ಗೋವಿಂದ ಕಾರಜೋಳ. ಹೊರಗಿನವರು ಕೆಲಸ ಮಾಡಲ್ಲ ಅಂತ ನಾನು ಹೇಳ್ತಿಲ್ಲ. ಹುಲಿಕುಂಟೆಯ ಕಾರ್ಯಕರ್ತನನ್ನ ಒಂದು ಮಾತು ಕೇಳಿದ್ರಾ ಅನ್ನೋದಷ್ಟೇ ನನ್ನ ಪ್ರಶ್ನೆ.

ಕೇಳೋದು ಹೇಗೆ? ಅಮೆರಿಕದಲ್ಲಿ ಎರಡು ದಾರಿ ಇವೆ. ಒಂದು ಕಾಕಸ್. ಒಂದು ಸಂಜೆ ಪಕ್ಷದವರು ಶಾಲೆಯಲ್ಲೋ ಚರ್ಚಿನ ಹಾಲ್‌ನಲ್ಲೋ ಸೇರಿ, ಮಾತಾಡಿ, ತಮ್ಮವರನ್ನ ಆರಿಸೋದು. ನಮ್ಮ ಅರಳಿಕಟ್ಟೆ ಪಂಚಾಯ್ತಿ ಇದ್ದ ಹಾಗೆ ಅಂದ್ಕೊಳ್ಳಿ. ಅಯೋವಾದ ಡೆಮಾಕ್ರಟಿಕ್ ಕಾಕಸ್‌ನಲ್ಲಂತೂ ಎಲ್ಲರೆದುರು ಒಬ್ಬೊಬ್ಬ ಅಭ್ಯರ್ಥಿಯ ಮೂಲೆಗೆ ಹೋಗಿ ನಿಲ್ಲಬೇಕಿತ್ತು. 2020ರ ಫೆಬ್ರವರಿ 3ರಂದು ಫಲಿತಾಂಶ ಕಳಿಸೋ ಆ್ಯಪ್ ಕೈಕೊಟ್ಟು ಲೆಕ್ಕ ದಿನಗಟ್ಟಲೆ ತಡವಾಯ್ತು. ಇಂಜಿನಿಯರಿಂಗ್ ಓದಿದ ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ತಲೆ ಎಣಿಸೋದಕ್ಕೆ ಆ್ಯಪ್ ಯಾಕೆ ಸ್ವಾಮಿ?

ಇನ್ನೊಂದು ಪ್ರೈಮರಿ. ನಿಜವಾದ ಚುನಾವಣೆ ಥರವೇ ಗುಟ್ಟಾಗಿ ಮತ ಹಾಕೋದು. ಅದೂ ಸುಲಭಕ್ಕೆ ಬರಲಿಲ್ಲ. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದೂ ಪ್ರೈಮರಿಯಲ್ಲಿ ಸ್ಪರ್ಧಿಸದೆ ಡೆಮಾಕ್ರಟಿಕ್ ಅಭ್ಯರ್ಥಿ ಆದರು. ಆ ಸಿಟ್ಟು ಎಷ್ಟಿತ್ತು ಅಂದ್ರೆ ಪಕ್ಷ ನಿಯಮಗಳನ್ನೇ ಬದಲಿಸಬೇಕಾಯ್ತು.

ಕಾಕಸ್‌ನಲ್ಲಿ ಚರ್ಚೆ ಇದೆ, ಖರ್ಚು ಕಡಿಮೆ. ಕೇಳೋಕೆ ಚೆಂದ. ಆದರೆ 2019ರ ಸೆಪ್ಟೆಂಬರ್‌ನಲ್ಲಿ ಪಾವಗಡ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ ಏನಾಯ್ತು ನೆನಪಿಸ್ಕೊಳ್ಳಿ. ಗೆದ್ದು ಬಂದ ಸಂಸದ ನಾರಾಯಣಸ್ವಾಮಿಯವರನ್ನೇ, ದಲಿತರು ಅನ್ನೋ ಕಾರಣಕ್ಕೆ ಒಳಗೆ ಬಿಡಲಿಲ್ಲ. ಸಂಸದರಿಗೇ ಹೀಗಾದರೆ, ಕೂಲಿ ಮಾಡೋ ಹೆಣ್ಣುಮಗಳೊಬ್ಬಳು ಜಮೀನಿನ ಯಜಮಾನನ ಎದುರಿಗೇ ‘ನಾನು ಆ ಮೂಲೆಗೆ ನಿಲ್ತೀನಿ’ ಅಂತ ಎದ್ದು ಹೋಗ್ತಾಳಾ? ಕಟ್ಟೆ ಮೇಲೆ ಕೂರೋರು ಯಾರು, ಕೆಳಗೆ ನಿಲ್ಲೋರು ಯಾರು ಅನ್ನೋದು ನಮ್ಮ ಹಳ್ಳಿಗಳಲ್ಲಿ ಮೊದಲೇ ತೀರ್ಮಾನ ಆಗಿರುತ್ತೆ. ಅದಕ್ಕೇ ನನ್ನ ಮತ ಪ್ರೈಮರಿಗೆ. ಮಾತು ಬಯಲಲ್ಲಿ ಆಗಲಿ, ಚೀಟಿ ಮರೆಯಲ್ಲಿ ಬೀಳಲಿ.

ನಮ್ಮಲ್ಲಿ ಇದನ್ನ ಮಾಡಿ ನೋಡಿದ್ದಾರೆ. 2014ರ ಲೋಕಸಭೆಗೆ ರಾಹುಲ್ ಗಾಂಧಿಯವರ ಪ್ರಯೋಗವಾಗಿ ದೇಶದ ಹದಿನೈದು-ಹದಿನಾರು ಕ್ಷೇತ್ರಗಳಲ್ಲಿ ಕಾಂಗ್ರೆಸ್ ಒಳಚುನಾವಣೆಗೆ ಕೈಹಾಕಿತು. ಕರ್ನಾಟಕದಲ್ಲಿ ಬೆಂಗಳೂರು ಉತ್ತರ, ದಕ್ಷಿಣ ಕನ್ನಡ. ಮತ ಹಾಕಿದ್ದು ಪಕ್ಷದ ಪದಾಧಿಕಾರಿಗಳು, ಚುನಾಯಿತ ಸದಸ್ಯರು. ಅಲ್ಲಿ ಸಿ. ನಾರಾಯಣಸ್ವಾಮಿ, ಇಲ್ಲಿ ಜನಾರ್ದನ ಪೂಜಾರಿ ಗೆದ್ದರು. ನಿಜವಾದ ಚುನಾವಣೆಯಲ್ಲಿ ಒಬ್ಬರು ಸದಾನಂದ ಗೌಡರಿಗೆ, ಇನ್ನೊಬ್ಬರು ನಳಿನ್ ಕುಮಾರ್ ಕಟೀಲ್‌ಗೆ ಸೋತರು. ‘ನೋಡಿ, ಪ್ರೈಮರಿ ಕೆಲಸ ಮಾಡಲ್ಲ’ ಅಂದ್ರು. ಅಲ್ಲಾ, ಆ ಸಲ ಕಾಂಗ್ರೆಸ್ ದೇಶದಲ್ಲಿ ಗೆದ್ದಿದ್ದೇ 44! ದಿಲ್ಲಿಯಿಂದ ಆರಿಸಿ ಕಳಿಸಿದ ನೂರಾರು ಜನರೂ ಸೋತರಲ್ಲ, ದಿಲ್ಲಿ ಕೆಲಸ ಮಾಡಲ್ಲ ಅಂತ ಯಾರಾದ್ರೂ ಅಂದ್ರಾ? ನನ್ನ ತಕರಾರು ಬೇರೆ. ಒಳಚುನಾವಣೆ ಆಗಿದ್ದು ಮಾರ್ಚ್‌ನಲ್ಲಿ, ಮತದಾನ ಏಪ್ರಿಲ್ 17ಕ್ಕೆ. ಸೋತವರ ಮುನಿಸು ಆರೋಕೂ ಟೈಮ್ ಇರಲಿಲ್ಲ.

ಸಮಯದ್ದೇ ಇನ್ನೊಂದು ಲೆಕ್ಕ, 2023ರದ್ದು. ಜೆಡಿಎಸ್ 93 ಹೆಸರು ಪ್ರಕಟಿಸಿದ್ದು 2022ರ ಡಿಸೆಂಬರ್‌ನಲ್ಲಿ. ಕಾಂಗ್ರೆಸ್ 124 ಹೆಸರು ಕೊಟ್ಟಿದ್ದು ಮಾರ್ಚ್ 25ಕ್ಕೆ. ಬಿಜೆಪಿಯ ಮೊದಲ ಪಟ್ಟಿ ಏಪ್ರಿಲ್ 11ಕ್ಕೆ, ನಾಮಪತ್ರಕ್ಕೆ ಒಂಬತ್ತೇ ದಿನ ಉಳಿದಾಗ. ಎಲ್ಲರಿಗಿಂತ ಮುಂಚೆ ಹೆಸರು ಹೇಳಿದ ಜೆಡಿಎಸ್‌ಗೆ ಸಿಕ್ಕಿದ್ದು 19 ಸೀಟು. ಹಾಗಾಗಿ ಬೇಗ ಹೇಳಿದ ಮಾತ್ರಕ್ಕೆ ಗೆಲುವಿಲ್ಲ. ಬೇಗ ಹೆಸರು ಬಂದವನು ಅಲ್ಲಿಂದ ಪ್ರತಿ ಜಾತ್ರೆಗೆ, ಪ್ರತಿ ಮದುವೆಗೆ ಕೈಯಿಂದ ಹಾಕ್ತಾ ಹೋಗಬೇಕು, ಅದೂ ನಿಜ. ಆದರೆ ಕಡೇ ಗಳಿಗೆಯಲ್ಲಿ ಹೆಸರು ಬಂದರೆ ಅವನು ಎಂಥವನು ಅಂತ ನೋಡೋಕೆ ಜನಕ್ಕೆ ಪುರುಸೊತ್ತೇ ಇಲ್ಲ.

ಪಕ್ಷಗಳ ಆಯ್ಕೆಯನ್ನ ಈ ಮಣ್ಣು ಎಷ್ಟೋ ಸಲ ತಿದ್ದಿದೆ. 2008ರಲ್ಲಿ ಪಾವಗಡದಿಂದ ವೆಂಕಟರಮಣಪ್ಪ ಪಕ್ಷೇತರರಾಗಿ ಗೆದ್ದು, ಯಡಿಯೂರಪ್ಪ ಸಂಪುಟದಲ್ಲಿ ಮಂತ್ರಿಯೇ ಆದರು. 2013ರಲ್ಲಿ ರಾಜ್ಯಕ್ಕೆಲ್ಲ ಬಿ ಫಾರಂ ಹಂಚಿದ ಪಕ್ಷದ ಅಧ್ಯಕ್ಷ ಪರಮೇಶ್ವರ್ ಅವರನ್ನೇ ಕೊರಟಗೆರೆ ಸೋಲಿಸಿತು.

ಕೊನೆಗೆ ಒಂದು ಪೆಟ್ಟಿಗೆಯ ವಿಷಯ. 2023ರ ಮಾರ್ಚ್ 31ರಂದು ಬಿಜೆಪಿಯೂ ಒಳಗೊಳಗೇ ಮತದಾನ ಮಾಡಿಸಿತು. ಕ್ಷೇತ್ರದ ಪದಾಧಿಕಾರಿಗಳು ಚೀಟಿಯಲ್ಲಿ ಹೆಸರು ಬರೆದು ಹಾಕಿದರು. ಹನ್ನೊಂದು ದಿನಕ್ಕೆ ಪಟ್ಟಿ ಬಂತು. ಟಿಕೆಟ್ ಸಿಗದೆ ಶೆಟ್ಟರ್, ಸವದಿಯಂಥವರು ಪಕ್ಷ ಬಿಟ್ಟರು. ಯಾವ ಕ್ಷೇತ್ರದಲ್ಲಿ ಯಾರಿಗೆ ಎಷ್ಟು ಚೀಟಿ ಬಿತ್ತು ಅನ್ನೋದನ್ನ ಪಕ್ಷ ಪ್ರಕಟಿಸಲೇ ಇಲ್ಲ. ಬರೆದು ಹಾಕಿದವರಿಗಾದರೂ ಹೇಳಬಹುದಿತ್ತು.