ಫ್ರೆಶ್ (ಇಂಗ್ಲಿಷ್ ಗುಣವಾಚಕ)

'ಫ್ರೆಶ್' ಎಂಬುದು ಇಂಗ್ಲಿಷ್ ಭಾಷೆಯ ಒಂದು ಗುಣವಾಚಕ. ತಾಜಾ, ಹೊಸ, ಹಸಿ, ಬಾಡದ, ಹಳಸದ, ಉಪ್ಪಿಲ್ಲದ, ತಂಪಾದ, ದಣಿವಿಲ್ಲದ ಎಂಬ ಹಲವು ಅರ್ಥಗಳಲ್ಲಿ ಇದು ಬಳಕೆಯಾಗುತ್ತದೆ. ಈ ಅರ್ಥಗಳೆಲ್ಲವನ್ನೂ ಹೊರಬಲ್ಲ ಒಂದೇ ಪದ ಕನ್ನಡದಲ್ಲಿಲ್ಲ. ಯಾವ ವಸ್ತುವಿನ ಕುರಿತು ಮಾತು ನಡೆದಿದೆ ಎಂಬುದರ ಮೇಲೆ ಸಮಾನಪದವನ್ನು ಆರಿಸಬೇಕಾಗುತ್ತದೆ. ಮೀನು, ಅಡಿಕೆ, ನದೀಮುಖದ ನೀರು ಮೂರೂ ನಿತ್ಯಜೀವನದ ಭಾಗವಾಗಿರುವ ಉತ್ತರ ಕನ್ನಡದ ಕುಮಟಾ, ಹೊನ್ನಾವರ, ಭಟ್ಕಳ ತಾಲ್ಲೂಕುಗಳಲ್ಲಿ ಈ ಭೇದಗಳು ಸ್ಪಷ್ಟವಾಗಿ ಕಾಣುತ್ತವೆ.

ವ್ಯುತ್ಪತ್ತಿ

ಹಳೆಯ ಇಂಗ್ಲಿಷಿನ 'ಫೆರ್ಶ್' ಎಂಬ ರೂಪಕ್ಕೆ 'ಉಪ್ಪಿಲ್ಲದ' ಎಂಬ ಅರ್ಥವಿತ್ತು. ಅದನ್ನು ಮುಖ್ಯವಾಗಿ ನೀರಿಗೆ ಹೇಳುತ್ತಿದ್ದರು. ಮುಂದೆ ಹಳೆಯ ಫ್ರೆಂಚಿನ ಸಜಾತೀಯ ಪದದ ಪ್ರಭಾವದಿಂದ ಇಂದಿನ ರೂಪವೂ ಹೊಸತನ, ತಂಪು, ಲವಲವಿಕೆ ಮುಂತಾದ ಅರ್ಥಗಳೂ ಬಂದವು. ಜರ್ಮನ್ ಭಾಷೆಯ 'ಫ್ರಿಶ್' ಇದೇ ಬಳಗದ್ದು.

ಕನ್ನಡದಲ್ಲಿ ಇದಕ್ಕೆ ಮೊದಲು ನೆನಪಾಗುವ 'ತಾಜಾ' ಪರ್ಷಿಯನ್ ಮೂಲದ ಪದ. 'ಹಸಿ' ಅಚ್ಚಗನ್ನಡದ್ದು. ಹಳಗನ್ನಡದಲ್ಲಿ ಇದು 'ಪಸಿ' ಆಗಿತ್ತು; ಹಸಿರು, ಹಸುಳೆ ಎಂಬ ಪದಗಳೂ ಇದೇ ಕುಟುಂಬಕ್ಕೆ ಸೇರಿದವು.

ನೀರು

'ಫ್ರೆಶ್ ವಾಟರ್' ಎಂಬುದಕ್ಕೆ ಸರಿಯಾದ ಕನ್ನಡ 'ಸಿಹಿನೀರು'. ಯಾಂತ್ರಿಕ ಅನುವಾದಗಳಲ್ಲಿ ಕಾಣುವ 'ತಾಜಾ ನೀರು', 'ತಾಜಾ ನೀರಿನ ಮೀನು' ಎಂಬ ಪ್ರಯೋಗಗಳು ತಪ್ಪು. ಕೆರೆಯ ನೀರು ಎಷ್ಟು ಹಳೆಯದಾದರೂ ಸಿಹಿನೀರೇ. ಈಗ ತಾನೇ ಉಕ್ಕಿ ಬಂದ ಸಮುದ್ರದ ನೀರು ಉಪ್ಪುನೀರೇ. ಸಕ್ಕರೆಗೂ ಈ ಸಿಹಿಗೂ ಸಂಬಂಧವಿಲ್ಲ.

ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿ ಸಮುದ್ರ ಸೇರುವಲ್ಲಿನ ಗಜನಿ ಭೂಮಿಗೆ ಉಬ್ಬರದ ವೇಳೆ ಉಪ್ಪುನೀರು ನುಗ್ಗುತ್ತದೆ. ಮಳೆಗಾಲದಲ್ಲಿ ನದಿಯ ನೀರು ಹೆಚ್ಚಿ ಉಪ್ಪಿನ ಅಂಶ ಇಳಿದಾಗ ಅಲ್ಲಿ ಉಪ್ಪನ್ನು ತಾಳಿಕೊಳ್ಳುವ ಕಗ್ಗ ಎಂಬ ಭತ್ತವನ್ನು ಬೆಳೆಯುವ ರೂಢಿಯಿದೆ. ಇಂಥ ಊರುಗಳಲ್ಲಿ ಬಾವಿಯ ನೀರು ಸಿಹಿಯೋ ಉಪ್ಪೋ ಎಂಬುದು ಬದುಕಿನ ಪ್ರಶ್ನೆ. 'ಫ್ರೆಶ್' ಪದದ ಅತಿ ಹಳೆಯ ಅರ್ಥ ಇಲ್ಲಿನವರಿಗೆ ನಿಘಂಟಿನ ನೆರವಿಲ್ಲದೆಯೇ ತಿಳಿಯುವಂಥದು.

ಮೀನು

ಮೀನುಪೇಟೆಯಲ್ಲಿ 'ತಾಜಾ' ಮತ್ತು 'ಹಸಿ' ಎರಡೂ ಬಳಕೆಯಲ್ಲಿವೆ, ಆದರೆ ಒಂದೇ ಅರ್ಥದಲ್ಲಲ್ಲ. ಹಸಿಮೀನು ಎಂದರೆ ಒಣಮೀನು ಅಲ್ಲದ್ದು. ತಾಜಾ ಮೀನು ಎಂದರೆ ಹಿಡಿದು ಹೆಚ್ಚು ಹೊತ್ತಾಗದ್ದು. ನಿನ್ನೆಯ ಬಂಗಡೆ ಹಸಿಮೀನೇ ಆದರೂ ತಾಜಾ ಅಲ್ಲ. ಕಿವಿರು ಕೆಂಪಾಗಿರುವುದು, ಕಣ್ಣು ತಿಳಿಯಾಗಿರುವುದು, ಒತ್ತಿದ ಮಾಂಸ ಮತ್ತೆ ಮೇಲೇಳುವುದು ತಾಜಾತನದ ಗುರುತುಗಳು. ಇಂಗ್ಲಿಷಿನ 'ಫ್ರೆಶ್ ಫಿಶ್' ಎರಡೂ ಅರ್ಥಕ್ಕೆ ಎಡೆಗೊಡುವುದರಿಂದ ಅನುವಾದಕರು ಸಂದರ್ಭ ನೋಡಬೇಕು.

ಅಡಿಕೆ ಮತ್ತು ಇತರ ಬೆಳೆಗಳು

ಸಂತೆಗುಳಿಯಂಥ ಒಳನಾಡಿನ ಊರುಗಳ ಅಡಿಕೆ ವ್ಯವಹಾರದಲ್ಲಿ ಈ ಪದವನ್ನು ಅಜಾಗರೂಕತೆಯಿಂದ ಅನುವಾದಿಸಿದರೆ ಲೆಕ್ಕವೇ ತಪ್ಪೀತು. 'ಹಸಿ ಅಡಿಕೆ' ಎಂದರೆ ಮರದಿಂದ ಇಳಿಸಿದ, ಇನ್ನೂ ಒಣಗಿಸದ ಅಡಿಕೆ. ಹಣ್ಣಾದ ಅಡಿಕೆಯನ್ನು ವಾರಗಟ್ಟಲೆ ಬಿಸಿಲಿಗೆ ಒಣಗಿಸಿ ಸುಲಿದರೆ ಚಾಲಿ. ಆ ವರ್ಷದ ಬೆಳೆ ಹೊಸ ಚಾಲಿ, ದಾಸ್ತಾನಿನಲ್ಲಿ ಇರಿಸಿದ್ದು ಹಳೆ ಚಾಲಿ. ಹಳೆಯದಕ್ಕೆ ಸಾಮಾನ್ಯವಾಗಿ ಹೆಚ್ಚಿನ ಧಾರಣೆ ದೊರೆಯುತ್ತದೆ. 'ಫ್ರೆಶ್' ಎಂದರೆ ಉತ್ತಮ ಎಂಬ ಸಾಮಾನ್ಯ ಭಾವನೆ ಇಲ್ಲಿ ನಿಲ್ಲುವುದಿಲ್ಲ. ಈ ಮೂರರಲ್ಲಿ ಯಾವುದಕ್ಕೂ 'ತಾಜಾ' ಹೊಂದದು.

ತೆಂಗಿಗೆ ಎಳೆತನವೇ ಗುಣ. ಆದ್ದರಿಂದ ಎಳನೀರು, ಸೀಯಾಳ. ಉಪ್ಪಿನಕಾಯಿಯ ಮಾವಿಗೆ 'ಮಿಡಿ' ಎಂಬ ಪ್ರತ್ಯೇಕ ಪದವೇ ಇದೆ. ಬೇಸಿಗೆಯಲ್ಲಿ ಕುಮಟಾದ ಹೆದ್ದಾರಿ ಬದಿಯಲ್ಲಿ ಗೊಂಚಲು ಕಟ್ಟಿ ಮಾರುವ ಈರುಳ್ಳಿ 'ಹೊಸ ಈರುಳ್ಳಿ'. ಭಟ್ಕಳದ ಮಲ್ಲಿಗೆಗೆ 'ಬಾಡದ', 'ಆಗಷ್ಟೇ ಕೊಯ್ದ' ಎಂಬ ವಿಶೇಷಣಗಳು ಸಹಜ.

'ಹಸಿ' ಪದದ ಎಚ್ಚರ

'ಹಸಿ' ಎಂಬುದಕ್ಕೆ ಒದ್ದೆ, ಬೇಯಿಸದ, ಕಾಯಿಸದ ಎಂಬ ಅರ್ಥಗಳೂ ಇವೆ. 'ಹಸಿ ಹಾಲು' ಎಂದರೆ ಕಾಯಿಸದ ಹಾಲು. ಅದು ತಾಜಾ ಇರಬಹುದು, ಇಲ್ಲದಿರಲೂಬಹುದು. ಹಸಿಗಾಯ, ಹಸಿಗೂಸು, ಹಸಿ ಬಾಣಂತಿ ಎಂಬಲ್ಲಿ ಮಾತ್ರ ಇದು 'ಫ್ರೆಶ್' ಪದದ 'ಇತ್ತೀಚಿನ' ಎಂಬ ಅರ್ಥಕ್ಕೆ ಹತ್ತಿರ ಬರುತ್ತದೆ. 'ಹಸಿ ಸುಳ್ಳು' ಎಂಬ ನುಡಿಗಟ್ಟನ್ನು ಇಂಗ್ಲಿಷಿಗೆ 'ಫ್ರೆಶ್' ಎಂದು ತಿರುಗಿಸಲು ಬಾರದು. ಅದರ ಅರ್ಥ ಅಪ್ಪಟ ಸುಳ್ಳು.

ವಿರುದ್ಧಪದಗಳು

ಪಠ್ಯಪುಸ್ತಕಗಳು 'ಫ್ರೆಶ್' ಪದಕ್ಕೆ 'ಸ್ಟೇಲ್' ಎಂಬ ಒಂದೇ ವಿರುದ್ಧಪದವನ್ನು ಕೊಡುವುದುಂಟು. ವಿದ್ಯಾರ್ಥಿಗಳು ಇದನ್ನೇ ಎಲ್ಲೆಡೆ ಬರೆದು ಅಂಕ ಕಳೆದುಕೊಳ್ಳುತ್ತಾರೆ. 'ಸ್ಟೇಲ್' ರೊಟ್ಟಿಗೆ, ಗಾಳಿಗೆ, ಸುದ್ದಿಗೆ ಸರಿ. ನೀರಿನ ವಿಷಯದಲ್ಲಿ ವಿರುದ್ಧಪದ 'ಸಾಲ್ಟ್', ಹೂವಿಗೆ ಬಾಡಿದ್ದೆಂಬ ಅರ್ಥದ ಪದ ಬೇಕು. ಕನ್ನಡ ಇನ್ನೂ ಸೂಕ್ಷ್ಮ: ಅನ್ನ ಹಳಸುತ್ತದೆ, ಹೂವು ಬಾಡುತ್ತದೆ, ಹಣ್ಣು ಕೊಳೆಯುತ್ತದೆ, ಧಾನ್ಯ ಮುಗ್ಗುತ್ತದೆ, ಬಟ್ಟೆ ಮಾಸುತ್ತದೆ, ಮನುಷ್ಯ ದಣಿಯುತ್ತಾನೆ. ತಂಗಳನ್ನ ನಿನ್ನೆಯದು, ಆದರೆ ಹಳಸಿದ್ದಲ್ಲ. ಸರಿಯಾದ ಸಮಾನಪದ ಹೊಳೆಯದಿದ್ದಾಗ ಮೊದಲು ವಿರುದ್ಧಪದವನ್ನು ಹುಡುಕುವುದು ಉಪಯುಕ್ತ ಮಾರ್ಗ.

ಆಡಳಿತ ಮತ್ತು ಮಾತುಕತೆಯಲ್ಲಿ

ಕಚೇರಿಯ ಕನ್ನಡದಲ್ಲಿ 'ಫ್ರೆಶ್ ಅಪ್ಲಿಕೇಶನ್' ಎಂದರೆ ಹೊಸ ಅರ್ಜಿ. ಪತ್ರಿಕೆಗಳು 'ತಾಜಾ ಸುದ್ದಿ' ಎಂದು ಬರೆಯುತ್ತವೆ, ಆದರೆ 'ತಾಜಾ ಅರ್ಜಿ' ಎನ್ನುವುದಿಲ್ಲ. ಹಿರಿಯರೊಡನೆ 'ಫ್ರೆಶ್' ಆಗಿ ವರ್ತಿಸುವುದು ಎಂದರೆ ಇಂಗ್ಲಿಷಿನ ಆಡುಮಾತಿನಲ್ಲಿ ಅಧಿಕಪ್ರಸಂಗ. ಇಂದು ಮನೆಗೆ ಬಂದ ನೆಂಟರಿಗೆ ಹೇಳುವ 'ಫ್ರೆಶ್ ಆಗಿ ಬನ್ನಿ' ಎಂಬ ಮಾತಿನ ಜಾಗದಲ್ಲಿ ಹಿಂದೆ 'ಕೈಕಾಲು ತೊಳೆದುಕೊಳ್ಳಿ' ಎಂಬುದಿತ್ತು. ಅದರ ಬೆನ್ನಿಗೇ ಹವ್ಯಕರ ಮನೆಗಳಲ್ಲಿ 'ಆಸರಿಗೆ' ಎಂಬ ಬಾಯಾರಿಕೆಯ ಉಪಚಾರ. 'ರಿಫ್ರೆಶ್‌ಮೆಂಟ್' ಪದಕ್ಕೆ ಇದಕ್ಕಿಂತ ಒಳ್ಳೆಯ ಕನ್ನಡ ದೊರೆಯುವುದು ಕಷ್ಟ.

ಆಹಾರದ ಲೇಬಲ್‌ಗಳಲ್ಲಿ

ಭಾರತದಲ್ಲಿ ಈ ಪದದ ವಾಣಿಜ್ಯ ಬಳಕೆಗೆ ಕಾನೂನಿನ ಮಿತಿಯೂ ಇದೆ. ಜಾಹೀರಾತು ಮತ್ತು ಪ್ರತಿಪಾದನೆಗಳ ಕುರಿತ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಾವಳಿಯ ಪ್ರಕಾರ, ತೊಳೆಯುವುದು, ಸಿಪ್ಪೆ ತೆಗೆಯುವುದು, ಕತ್ತರಿಸುವುದು, ತಂಪಾಗಿರಿಸುವುದು ಮುಂತಾದ ಸರಳ ಕ್ರಿಯೆಗಳನ್ನು ಬಿಟ್ಟು ಬೇರೆ ಸಂಸ್ಕರಣೆಗೆ ಒಳಗಾದ ಆಹಾರವನ್ನು 'ಫ್ರೆಶ್' ಎಂದು ಕರೆಯುವಂತಿಲ್ಲ.