ಮೊಹಲ್ಲಾದಿಂದ ಮಹಾಯೋಜನೆಗೆ

ಹೆಮ್ಮಿಗೆಯ ಕಡೆಯಿಂದ ಬಸ್ಸು ಹತ್ತಿ ಮೈಸೂರಿಗೆ ಹೋದಾಗ ಮಂಡಿ ಮೊಹಲ್ಲಾ, ಲಷ್ಕರ್ ಮೊಹಲ್ಲಾ, ನಜರ್‌ಬಾದ್ ಎಂಬ ಹೆಸರುಗಳನ್ನು ನೀವು ಓದಿಯೇ ಇರುತ್ತೀರಿ. ಅವುಗಳ ಅರ್ಥವನ್ನು ಎಂದಾದರೂ ಯೋಚಿಸಿದ್ದೀರಾ? ಮೊಹಲ್ಲಾ ಅರಬ್ಬಿ ಮೂಲದ ಶಬ್ದ. ಬಂದು ಇಳಿದುಕೊಳ್ಳುವ ಜಾಗ ಎಂದರ್ಥ. ಲಷ್ಕರ್ ಎಂದರೆ ಸೈನ್ಯ, ಮಂಡಿ ಎಂದರೆ ಸಗಟು ಪೇಟೆ. ಯಾವ ಜಾಗ ಯಾವ ಕೆಲಸಕ್ಕೆ ಎಂಬುದು ಹೆಸರಿನಲ್ಲೇ ಇದೆ. ಇಂದು ನಗರ ಯೋಜನೆಯಲ್ಲಿ ‘ವಲಯ’ ಎನ್ನುವುದು ಹೆಚ್ಚುಕಡಿಮೆ ಇದನ್ನೇ.

ನಜರ್‌ಬಾದಿನ ಕಥೆ ಇನ್ನೂ ಸ್ವಾರಸ್ಯವಾದುದು. ಟಿಪ್ಪು ಸುಲ್ತಾನರು ಹಳೆಯ ಮೈಸೂರು ಕೋಟೆಯನ್ನು ಕೆಡವಿಸಿ, ಅದರ ಕಲ್ಲುಗಳಿಂದ ಪೂರ್ವಕ್ಕೆ ಸುಮಾರು ಒಂದು ಮೈಲಿ ದೂರದಲ್ಲಿ ಹೊಸ ಕೋಟೆ ಕಟ್ಟಿಸತೊಡಗಿದರು. 1799ರಲ್ಲಿ ಅವರು ಶಹೀದರಾದ ಮೇಲೆ ಅದೇ ಕಲ್ಲುಗಳನ್ನು ವಾಪಸು ಸಾಗಿಸಿ ಹಳೆಯ ಕೋಟೆಯನ್ನು ಮತ್ತೆ ಕಟ್ಟಲಾಯಿತು. ಆ ಕಾಲದಲ್ಲಿ ಅರಸರ ಇಚ್ಛೆಯೇ ಯೋಜನೆ. ಕಲ್ಲು ಹೊತ್ತವರನ್ನು ಕೇಳುವವರಿರಲಿಲ್ಲ.

ಈ ಸ್ಥಿತಿಯನ್ನು ಬದಲಿಸಿದ್ದು ಪ್ಲೇಗ್. 1898ರಲ್ಲಿ ಆ ಮಾರಿ ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟಾಗ ಗಾಳಿ ಬೆಳಕಿಲ್ಲದ ಗಲ್ಲಿಗಳ ಅಪಾಯ ಎಲ್ಲರಿಗೂ ಅರಿವಾಯಿತು. ಮುಂಬಯಿಯಲ್ಲಿ ಅದೇ ವರ್ಷ ನಗರ ಸುಧಾರಣೆಗೆಂದು ಟ್ರಸ್ಟ್ ಸ್ಥಾಪನೆಯಾಯಿತು. 1903ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮೈಸೂರಿಗೂ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ಇಕ್ಕಟ್ಟಾದ ಕೇರಿಗಳನ್ನು ತೆರವು ಮಾಡುವುದು, ಚರಂಡಿ ಕಟ್ಟುವುದು, ಹೊಸ ಬಡಾವಣೆ ರಚಿಸುವುದು ಅದರ ಕೆಲಸ. ಆದರೆ ಒಂದು ಮಾತನ್ನು ಮರೆಯಬಾರದು. ಪ್ಲೇಗ್ ನಂತರ ಬೆಂಗಳೂರಿನಲ್ಲಿ ರೂಪುಗೊಂಡ ಮಲ್ಲೇಶ್ವರದ ಮೊದಲ ನಕ್ಷೆಯಲ್ಲಿ ನಿವೇಶನಗಳನ್ನು ಜಾತಿ, ಮತಗಳಿಗೆ ತಕ್ಕಂತೆ ಬ್ಲಾಕುಗಳಾಗಿ ಹಂಚಲಾಗಿತ್ತು. ರಸ್ತೆ ಅಗಲವಾಯಿತು, ಮನಸ್ಸು ಮಾತ್ರ ಹಳೆಯ ಅಳತೆಯದೇ ಆಗಿತ್ತು.

1926ರಿಂದ 1941ರವರೆಗೆ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಹೆಸರು ಹೇಳದೆ ಮುಂದೆ ಹೋಗಲಾಗದು. ಅವರೆಂದರೆ ನಮಗೆ ಉದ್ಯಾನ, ಕಾರಂಜಿಗಳೇ ನೆನಪು. ಜರ್ಮನಿಯಿಂದ ಹೊರಬಿದ್ದ ವಾಸ್ತುಶಿಲ್ಪಿ ಆಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರಿನ ಸೇವೆಗೆ ಸೇರಿದ್ದೂ ಅವರ ದಿವಾನಗಿರಿಯಲ್ಲೇ. ಈ ವಾಸ್ತುಶಿಲ್ಪಿಯೇ ಮುಂದೆ ಭುವನೇಶ್ವರದ ನಕ್ಷೆ ಬರೆದರು. ಮಿರ್ಜಾ ಅವರು 1942ರಲ್ಲಿ ಜೈಪುರದ ಪ್ರಧಾನಮಂತ್ರಿಯಾದರು. ಅಲ್ಲಿನ ಮುಖ್ಯ ರಸ್ತೆಯೊಂದು ಇಂದಿಗೂ ಅವರ ಹೆಸರಿನಲ್ಲಿದೆ.

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರದು. ಇದರ ಪ್ರಕಾರ ವಲಯಕ್ಕೆ ಆಧಾರ ಜಾತಿಯಲ್ಲ, ಭೂಮಿಯ ಬಳಕೆ. ನಕ್ಷೆಯಲ್ಲಿ ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಉದ್ಯಾನಕ್ಕೆ ಹಸಿರು. ಶಾಲೆ, ಆಸ್ಪತ್ರೆಗಳಿಗೆ ಕೆಂಪು. 1988ರಲ್ಲಿ ಹಳೆಯ ಬೋರ್ಡಿನ ಜಾಗಕ್ಕೆ ನಗರಾಭಿವೃದ್ಧಿ ಪ್ರಾಧಿಕಾರ ಬಂತು. 2031ರವರೆಗಿನ ಮಹಾಯೋಜನೆಯ ಹೆಸರಿನಲ್ಲಿ ಮೈಸೂರಿನ ಜೊತೆಗೆ ನಂಜನಗೂಡೂ ಸೇರಿದೆ. ನಕ್ಷೆ ನಮ್ಮ ಕಡೆಗೇ ಬರುತ್ತಿದೆ ಎಂದಾಯಿತು.

ನಮ್ಮ ಸಮಾಜದಲ್ಲಿ ಎಷ್ಟೋ ಮಂದಿ ಜೀವಮಾನದ ಉಳಿತಾಯ ಸುರಿದು ರೆವಿನ್ಯೂ ನಿವೇಶನ ಕೊಳ್ಳುತ್ತಾರೆ. ಆಮೇಲೆ ಖಾತೆಗೆ, ಚರಂಡಿಗೆ, ಮಕ್ಕಳ ಶಾಲೆಗೆ ಅಲೆಯುತ್ತಾರೆ. ಮುಂಗಡ ಕೊಡುವ ಮೊದಲು ಆ ಸರ್ವೆ ನಂಬರು ಯಾವ ಬಣ್ಣದಲ್ಲಿದೆ ಎಂದು ಕೇಳಿದವರು ಬಹಳ ಕಡಿಮೆ. ಕರಡು ಯೋಜನೆ ಪ್ರಕಟವಾದಾಗ ಆಕ್ಷೇಪಣೆ, ಸಲಹೆಗಳಿಗೆ ಕಾಲಾವಕಾಶ ಇರುತ್ತದೆ. ನಮ್ಮ ಶಾಲೆಗೆ, ಕಬರಸ್ತಾನಕ್ಕೆ ಜಾಗ ಎಲ್ಲಿ ಎಂದು ಆಗಲೇ ಕೇಳಬೇಕು. ಅರ್ಜಿಗೆ ಇಂಗ್ಲಿಷ್ ಬೇಕಿಲ್ಲ. ನೀವು ತರಗತಿಯಲ್ಲಿ ಬರೆಯುವ ಕನ್ನಡವೇ ಸಾಕು.